ಎಐ ರೋಗಪತ್ತೆ ಸ್ಟಾರ್ಟಪ್‌ಗೆ ದುಡ್ಡು ಹಾಕುವ ಮುನ್ನ: ಕೋಲಾರದಿಂದ ಒಂದು ಸಮಗ್ರ ಮಾರ್ಗದರ್ಶಿ

ಹೋದ ತಿಂಗಳು ಕೋಲಾರದ ಡೂಮ್‌ಲೈಟ್ ಸರ್ಕಲ್ ಹತ್ತಿರದ ಒಂದು ಹೋಟೆಲಿನ ಮಹಡಿಯಲ್ಲಿ ಹದಿನಾಲ್ಕು ಜನ ಕೂತಿದ್ದೆವು. ಟೊಮೆಟೊ ಮಂಡಿಯವರು ಆರು ಜನ, ಇಬ್ಬರು ಡಾಕ್ಟರು, ಒಬ್ಬರು ಮೆಡಿಕಲ್ ಸ್ಟೋರ್‌ನವರು, ನನ್ನನ್ನು ಬಿಟ್ಟು ಮಿಕ್ಕವರು ರಿಟೈರ್ ಆದ ಮೇಷ್ಟ್ರುಗಳು. ತಮ್ಮ ಸ್ಟಾರ್ಟಪ್‌ಗೆ ದುಡ್ಡು ಹಾಕಿ ಅಂತ ಕೇಳಲು ಬೆಂಗಳೂರಿನಿಂದ ಇಬ್ಬರು ಹುಡುಗರು ಬಂದಿದ್ದರು. ಎದೆಯ ಎಕ್ಸ್‌ರೇ ನೋಡಿ ಟಿಬಿ ಇದೆಯೋ ಇಲ್ಲವೋ ಹೇಳುವ ಎಐ ಅವರದು. ಮೂರನೇ ಸ್ಲೈಡಿನಲ್ಲಿ '97 ಪರ್ಸೆಂಟ್ ನಿಖರ' ಅಂತ ದೊಡ್ಡ ಅಕ್ಷರದಲ್ಲಿ ಬಂತು. ಪಕ್ಕದಲ್ಲಿದ್ದ ಮಂಡಿಯವರು ನನ್ನ ಕಡೆ ಬಾಗಿದರು. "ಏನಣ್ಣಾ, ನೀವು ಎಕ್ಸ್‌ರೇಲೇ ಇದ್ದೋರು. ಹಾಕಬಹುದಾ?"

ನಾನು 22 ವರ್ಷ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೆ. ನಮ್ಮಪ್ಪ ಕೆಜಿಎಫ್‌ನಲ್ಲಿ ಗಣಿಗೆ ಇಳಿಯುತ್ತಿದ್ದವರು. ಅವತ್ತು ನನ್ನ ಚೀಲದಲ್ಲಿ ಅಪ್ಪನ ಹಳೇ ಎಕ್ಸ್‌ರೇ ಫಿಲ್ಮ್ ಇತ್ತು, ಬೇಕಂತಲೇ ತಂದಿದ್ದೆ. ಮಂಡಿಯವರ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಲು ಆಗಲಿಲ್ಲ. ಒಂದು ವಾರ ಕೂತು ಬರೆದ ಉತ್ತರ ಇದು. ದುಡ್ಡು ಹಾಕುವವರಿಗೂ, ತಮ್ಮ ನರ್ಸಿಂಗ್ ಹೋಮ್‌ಗೆ ಇಂಥದ್ದನ್ನು ತರಬೇಕು ಅಂದುಕೊಂಡಿರುವ ಡಾಕ್ಟರುಗಳಿಗೂ ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿದ್ದೇನೆ.

ಹಂತ 1: ಯಂತ್ರದ ಕೆಲಸ ಏನು ಅಂತ ಒಂದೇ ಸಾಲಿನಲ್ಲಿ ಬರೆಸಿಕೊಳ್ಳಿ

'ರೋಗ ಪತ್ತೆ ಮಾಡುತ್ತದೆ' ಅನ್ನುವುದು ಉತ್ತರವಾಗುವುದಿಲ್ಲ. ಯಾರ ಎದೆಯ ಚಿತ್ರ, ಎಲ್ಲಿ ತೆಗೆದದ್ದು, ಯಾರು ನೋಡುತ್ತಾರೆ, ನೋಡಿದ ಮೇಲೆ ಯಾವ ತೀರ್ಮಾನ ಬದಲಾಗುತ್ತದೆ, ಈ ನಾಲ್ಕೂ ಆ ಸಾಲಿನಲ್ಲಿ ಇರಬೇಕು. ಒಂದು ಉದಾಹರಣೆ: 'ಮಾಲೂರಿನ ಹಳ್ಳಿಗಳಿಗೆ ಹೋಗುವ ಎಕ್ಸ್‌ರೇ ವ್ಯಾನ್‌ನಲ್ಲಿ, ಹದಿನೈದು ವರ್ಷ ದಾಟಿದವರ ಚಿತ್ರ ನೋಡಿ, ಯಾರಿಗೆ ಕಫ ಪರೀಕ್ಷೆ ಮಾಡಿಸಬೇಕು ಅಂತ ಆರಿಸುತ್ತದೆ.'

ಇಷ್ಟು ಬರೆಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಜನರನ್ನು ಜರಡಿ ಹಿಡಿಯುವ ಯಂತ್ರ ಬೇರೆ, 'ನಿಮಗೆ ಇಂಥದ್ದೇ ಕಾಯಿಲೆ' ಅಂತ ಕೊನೇ ಮಾತು ಹೇಳುವ ಯಂತ್ರ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಟಿಬಿ ಎಕ್ಸ್‌ರೇ ಓದುವ ಸಾಫ್ಟ್‌ವೇರ್‌ಗಳಿಗೆ ಒಪ್ಪಿಗೆ ಕೊಟ್ಟಿದೆ. ಆದರೆ ಅದು 15 ವರ್ಷ ಮತ್ತು ಮೇಲ್ಪಟ್ಟವರಿಗೆ, ಅದೂ ಜರಡಿ ಹಿಡಿಯುವ ಕೆಲಸಕ್ಕೆ. ಟಿಬಿ ಹೌದೋ ಅಲ್ಲವೋ ಅನ್ನುವುದು ಕಫದ ಟ್ರೂನ್ಯಾಟ್‌ನಂಥ ಪರೀಕ್ಷೆಯಿಂದಲೇ ಖಚಿತವಾಗಬೇಕು. ಪಿಚ್ ಮಾಡುವವರು, ಅಂದರೆ ದುಡ್ಡು ಹಾಕಿ ಅಂತ ನಿಮ್ಮೆದುರು ವಿವರಿಸುವವರು, 'ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಒಪ್ಪಿದೆ' ಅಂದಾಗ ಯಾವ ಕೆಲಸಕ್ಕೆ ಅಂತ ಕೇಳಿ.

ಹೃದಯದ ವಿಚಾರ ಬಂದರೆ ಪ್ರಶ್ನೆಯೂ ಬದಲಾಗುತ್ತದೆ. ನಮ್ಮ ಕಡೆ ಎದೆ ನೋವು ಬಂದವರು ಮೊದಲು 'ಗ್ಯಾಸ್ಟ್ರಿಕ್' ಅಂತ ಮಾತ್ರೆ ನುಂಗುತ್ತಾರೆ. ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗೆ ಇಸಿಜಿ ಓದುವ ಎಐ ತರುತ್ತೇವೆ ಅಂದರೆ ನಾನು ಮೊದಲು ಕೇಳುವುದು ನಿಮಿಷದ ಲೆಕ್ಕ. ಇಸಿಜಿ ತೆಗೆದ ಎಷ್ಟು ನಿಮಿಷಕ್ಕೆ ಉತ್ತರ ಬರುತ್ತದೆ? ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ದೊಡ್ಡ ಆಸ್ಪತ್ರೆಯ ತಜ್ಞರ ಕೈಗೆ ಹೋಗುವ ವ್ಯವಸ್ಥೆ ಈಗಾಗಲೇ ಇದೆ. ಅದಕ್ಕಿಂತ ಇವರದು ಏನು ಜಾಸ್ತಿ ಕೊಡುತ್ತದೆ?

ಹಂತ 2: ಪರ್ಸೆಂಟ್ ಪಕ್ಕಕ್ಕಿಡಿ, ತಲೆ ಎಣಿಸಿ

'97 ಪರ್ಸೆಂಟ್ ನಿಖರ' ಅನ್ನುವ ಒಂದೇ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ನೂರು ಜನರಲ್ಲಿ ಒಬ್ಬರಿಗೆ ಕಾಯಿಲೆ ಇದೆ ಅಂದುಕೊಳ್ಳಿ. ಯಂತ್ರ ಕಣ್ಣು ಮುಚ್ಚಿಕೊಂಡು ನೂರೂ ಜನಕ್ಕೆ 'ಇಲ್ಲ' ಅಂದರೂ 99 ಪರ್ಸೆಂಟ್ ನಿಖರ ಆಗುತ್ತದೆ. ಆ ಒಬ್ಬ ಮಾತ್ರ ತಪ್ಪಿಹೋಗುತ್ತಾನೆ.

ಹಾಗಾಗಿ ಎರಡು ಅಂಕಿ ಕೇಳಿ. ಒಂದು ಸೆನ್ಸಿಟಿವಿಟಿ: ಕಾಯಿಲೆ ಇರುವ ನೂರು ಜನರಲ್ಲಿ ಎಷ್ಟು ಜನರನ್ನು ಹಿಡಿಯಿತು. ಇನ್ನೊಂದು ಸ್ಪೆಸಿಫಿಸಿಟಿ: ಕಾಯಿಲೆ ಇಲ್ಲದ ನೂರು ಜನರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟಿತು. ಎರಡೂ ಸಿಕ್ಕ ಮೇಲೆ ಅಲ್ಲೇ ಒಂದು ಹಾಳೆ ತೆಗೆದು ಲೆಕ್ಕ ಹಾಕಿ. ಅವತ್ತು ನಾನು ಹೋಟೆಲಿನ ಬಿಲ್ಲಿನ ಹಿಂದೆ ಬರೆದದ್ದು ಇದು.

ಕ್ಯಾಂಪಿಗೆ 1000 ಜನ ಬಂದರು. ಲೆಕ್ಕಕ್ಕೆ ಅಂತ 10 ಜನಕ್ಕೆ ಟಿಬಿ ಇದೆ ಅನ್ನೋಣ. ಎರಡೂ ಅಂಕಿ 90. ಹತ್ತರಲ್ಲಿ 9 ಜನರನ್ನು ಯಂತ್ರ ಹಿಡಿಯಿತು. ಮಿಕ್ಕ 990 ಜನ ಆರೋಗ್ಯವಂತರು. ಅವರಲ್ಲಿ ಹತ್ತರಲ್ಲಿ ಒಬ್ಬರಂತೆ 99 ಜನಕ್ಕೂ 'ಟಿಬಿ ಇರಬಹುದು' ಅಂದಿತು. ಒಟ್ಟು 108 ಜನರ ಕೈಗೆ ಕಫ ಪರೀಕ್ಷೆ ಮಾಡಿಸಿ ಅನ್ನುವ ಚೀಟಿ ಬಂತು. ಅದರಲ್ಲಿ ನಿಜವಾಗಿ ಟಿಬಿ ಇರುವವರು 9. ಅಂದರೆ ಚೀಟಿ ಸಿಕ್ಕ ಹನ್ನೆರಡು ಜನರಲ್ಲಿ ಒಬ್ಬರು.

ಇದೇ ಯಂತ್ರವನ್ನು ವಾರಗಟ್ಟಲೆ ಕೆಮ್ಮುತ್ತಿರುವವರೇ ಬರುವ ಎದೆರೋಗದ ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಇಡಿ. 1000 ಜನರಲ್ಲಿ 200 ಜನಕ್ಕೆ ಟಿಬಿ ಇದೆ ಅನ್ನೋಣ. 180 ಜನರನ್ನು ಹಿಡಿಯುತ್ತದೆ, 80 ಜನಕ್ಕೆ ತಪ್ಪು ಚೀಟಿ ಕೊಡುತ್ತದೆ. ಈಗ ಚೀಟಿ ಸಿಕ್ಕ ಮೂವರಲ್ಲಿ ಇಬ್ಬರಿಗೆ ಕಾಯಿಲೆ ನಿಜ. ಯಂತ್ರ ಅದೇ. ಜಾಗ ಬದಲಾಯಿತು, ಅಷ್ಟೇ.

ಮಂಡಿಯವರು ಬಿಲ್ಲನ್ನು ಕೈಗೆ ತಗೊಂಡು ಎರಡು ಸಲ ಕೂಡಿ ನೋಡಿದರು. "ಹಂಗಾದ್ರೆ ಆ 99 ಜನಕ್ಕೆ ಕಫ ಪರೀಕ್ಷೆ ಖರ್ಚು ಯಾರು ಕೊಡ್ತಾರೆ?" ಅಂದರು. ಅವತ್ತಿನ ಸಭೆಯಲ್ಲಿ ಬಂದ ಅತಿ ಒಳ್ಳೆಯ ಪ್ರಶ್ನೆ ಅದು. ಖರ್ಚಿನ ಜೊತೆಗೆ ಹೆದರಿಕೆಯೂ ಇದೆ. ಟಿಬಿ ಅನ್ನುವ ಹೆಸರು ಹಳ್ಳಿಯಲ್ಲಿ ಒಂದು ಸಲ ಅಂಟಿದರೆ ಬೇಗ ಬಿಡುವುದಿಲ್ಲ. ಮದುವೆ ಮಾತುಕತೆ ನಿಂತದ್ದನ್ನು ನಾನು ನೋಡಿದ್ದೇನೆ.

ಇನ್ನೊಂದು ಅಂಶ, ಆ ಅಂಕಿ ಎಷ್ಟು ಜನರ ಮೇಲೆ ಬಂದದ್ದು? 40 ರೋಗಿಗಳಲ್ಲಿ 38 ಜನರನ್ನು ಹಿಡಿದರೆ 95 ಪರ್ಸೆಂಟ್ ಅನ್ನುತ್ತಾರೆ. ಇಷ್ಟು ಕಡಿಮೆ ಜನ ಇದ್ದಾಗ ನಿಜವಾದ ಅಂಕಿ ಸುಮಾರು 83ರಿಂದ 99ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 83 ಆದರೆ ಆರು ರೋಗಿಗಳಲ್ಲಿ ಒಬ್ಬರು ತಪ್ಪಿಹೋಗುತ್ತಾರೆ.

ಯಂತ್ರ ಸಾಮಾನ್ಯವಾಗಿ ಸೊನ್ನೆಯಿಂದ ನೂರರವರೆಗೆ ಒಂದು ಅಂಕ ಕೊಡುತ್ತದೆ. ಎಷ್ಟು ದಾಟಿದರೆ 'ಇದೆ' ಅನ್ನಬೇಕು ಅನ್ನುವ ಗೆರೆಯನ್ನು ಎಳೆಯುವುದು ಮನುಷ್ಯರೇ. ಗೆರೆ ಕೆಳಗಿಳಿಸಿದರೆ ಜಾಸ್ತಿ ರೋಗಿಗಳು ಸಿಗುತ್ತಾರೆ, ತಪ್ಪು ಚೀಟಿಯೂ ಜಾಸ್ತಿ ಆಗುತ್ತದೆ. ಈ ಗೆರೆ ಯಾರು ಎಳೆದರು, ಯಾಕೆ ಅಲ್ಲೇ ಎಳೆದರು ಅಂತ ಕೇಳಿ.

ಹಂತ 3: ಯಂತ್ರ ಯಾರ ಎದೆ ನೋಡಿ ಕಲಿತಿದೆ?

ಇಲ್ಲಿ ನಿಧಾನವಾಗಿ ಕೂತು ಕೇಳಬೇಕು. ಎಐ ತಾನು ನೋಡಿದ ಚಿತ್ರಗಳಿಂದ ಕಲಿಯುತ್ತದೆ. ಆದರೆ ನಾವು ಕಲಿಯಲಿ ಅಂದುಕೊಂಡದ್ದನ್ನೇ ಕಲಿಯುತ್ತದೆ ಅನ್ನುವ ಖಾತ್ರಿ ಇಲ್ಲ.

ಅಮೆರಿಕದಲ್ಲಿ 2018ರಲ್ಲಿ ನ್ಯುಮೋನಿಯಾ ಎಕ್ಸ್‌ರೇಗಳ ಮೇಲೆ ಒಂದು ಅಧ್ಯಯನ ಬಂತು. ಚಿತ್ರ ಯಾವ ಆಸ್ಪತ್ರೆಯದು ಅಂತ ಗುರುತು ಹಿಡಿಯುವುದನ್ನು ಆ ಎಐ ತಾನೇ ಕಲಿತುಬಿಟ್ಟಿತ್ತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ರೋಗಿಗಳು ಜಾಸ್ತಿ ಇದ್ದರು. ಹಾಗಾಗಿ ಆಸ್ಪತ್ರೆ ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಹೊರಗಿನ ಆಸ್ಪತ್ರೆಯ ಚಿತ್ರ ಕೊಟ್ಟಾಗ ಹಲವು ಕಡೆ ಅಂಕ ಇಳಿಯಿತು. ಕೋವಿಡ್ ಕಾಲದಲ್ಲೂ ಹೀಗೇ ಆಯಿತು. ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನ್ ನೋಡಿ ಕೋವಿಡ್ ಹೇಳುವ 62 ಅಧ್ಯಯನಗಳನ್ನು ತಜ್ಞರು 2021ರಲ್ಲಿ ಒಂದೊಂದಾಗಿ ಪರಿಶೀಲಿಸಿದರು. ಆಸ್ಪತ್ರೆಯಲ್ಲಿ ಬಳಸಲು ಯೋಗ್ಯವಾದದ್ದು ಒಂದೂ ಸಿಗಲಿಲ್ಲ. ಕೆಲವರು ಕೋವಿಡ್ ಇಲ್ಲದವರ ಚಿತ್ರ ಅಂತ ಮಕ್ಕಳ ಎಕ್ಸ್‌ರೇ ಕೊಟ್ಟಿದ್ದರು. ಯಂತ್ರ ಕಲಿತದ್ದು ದೊಡ್ಡವರ ಎದೆಗೂ ಮಕ್ಕಳ ಎದೆಗೂ ಇರುವ ವ್ಯತ್ಯಾಸ.

ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಕಲಿಯಲು ಕೊಟ್ಟ ಚಿತ್ರಗಳು ಯಾವ ಊರಿನ, ಯಾವ ಮಶೀನಿನವು? ಒಬ್ಬನೇ ರೋಗಿಯ ಚಿತ್ರಗಳು ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಸೇರಿವೆಯಾ? ಹಾಗೆ ಸೇರಿದ್ದರೆ ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಬರೆಸಿದಂತೆ. ಕೊನೆಯದು, 'ಇವರಿಗೆ ಟಿಬಿ ಇದೆ' ಅಂತ ಮೊದಲು ಹೇಳಿದ್ದು ಯಾರು? ಲ್ಯಾಬಿನ ಕಫ ಪರೀಕ್ಷೆಯೋ, ಇಲ್ಲ ಎಕ್ಸ್‌ರೇ ನೋಡಿದ ಇನ್ನೊಬ್ಬ ಡಾಕ್ಟರ ಅಂದಾಜೋ?

ಹಂತ 4: ನಿಮ್ಮೂರಿನ ಫಿಲ್ಮ್ ಕೊಟ್ಟು ನೋಡಿ

ಉಳಿದ ಹಂತಗಳಿಗೆ ಸಮಯ ಇಲ್ಲದಿದ್ದರೂ ಇದನ್ನು ಮಾತ್ರ ಬಿಡಬೇಡಿ.

ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಗಣಿ ಮುಚ್ಚಿದರೂ ಎದೆಯೊಳಗೆ ಸೇರಿದ ಕಲ್ಲಿನ ಧೂಳು ಹೋಗುವುದಿಲ್ಲ. ಈ ಧೂಳಿನಿಂದ ಬರುವ ಸಿಲಿಕೋಸಿಸ್ ಕಾಯಿಲೆ ಆದವರ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದಂತೆ ಸಣ್ಣ ಸಣ್ಣ ಬಿಳಿ ಚುಕ್ಕೆ ಕಾಣುತ್ತವೆ. ಟಿಬಿಯೂ ಹೆಚ್ಚಾಗಿ ಅಲ್ಲೇ ಕಾಣಿಸಿಕೊಳ್ಳುತ್ತದೆ. ಸಾಲದ್ದಕ್ಕೆ ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಅಪಾಯವೂ ಜಾಸ್ತಿ. ಅನುಭವ ಇರುವ ಡಾಕ್ಟರಿಗೇ ಕಷ್ಟವಾಗುವ ಎದೆ ಇದು. ಇಂಥ ಎದೆಯನ್ನೇ ನೋಡದ ಯಂತ್ರ ಕೆಜಿಎಫ್‌ಗೆ ಬಂದು ಏನು ಹೇಳುತ್ತದೆ?

ಜಡೆಯ ವಿಷಯವನ್ನೂ ಹೇಳಬೇಕು. ಹೆಂಗಸರು ಜಡೆಯನ್ನು ಮುಂದಕ್ಕೆ ಹಾಕಿಕೊಂಡು ನಿಂತರೆ ಭುಜದ ಹತ್ತಿರ, ಶ್ವಾಸಕೋಶದ ತುದಿಯ ಮೇಲೆ, ಒಂದು ಮಸುಕು ನೆರಳು ಬೀಳುತ್ತದೆ. ಅದು ಥೇಟ್ ಟಿಬಿಯಂತೆ ಕಾಣುತ್ತದೆ. "ಜಡೆ ಮೇಲಕ್ಕೆ ಕಟ್ಟಮ್ಮ, ಸರ ತೆಗೆದಿಡಮ್ಮ" ಅಂತ ದಿನಕ್ಕೆ ನಲವತ್ತು ಸಲ ಹೇಳುವುದು ನನ್ನ ಕೆಲಸದ ಭಾಗವೇ ಆಗಿತ್ತು. ಕ್ಯಾಂಪಿನ ಗಡಿಬಿಡಿಯಲ್ಲಿ ಎಷ್ಟೋ ಸಲ ಮರೆತೂ ಹೋಗುತ್ತದೆ. ಆ ನೆರಳಿಗೆ ಯಂತ್ರ ಎಷ್ಟು ಅಂಕ ಕೊಡುತ್ತದೆ ಅಂತ ನೋಡಲೇಬೇಕು.

ಪರೀಕ್ಷೆ ಹೀಗೆ ಮಾಡಿ. ಕೋಲಾರದ ತಮಕದಲ್ಲಿರುವ ಮೆಡಿಕಲ್ ಕಾಲೇಜಿನಂಥ ಕಡೆ ನೈತಿಕ ಸಮಿತಿಯ ಅನುಮತಿ ಪಡೆದು, ಹೆಸರು, ನಂಬರ್ ಎಲ್ಲಾ ತೆಗೆದ 200 ಹಳೇ ಎಕ್ಸ್‌ರೇ ಆರಿಸಿ. ಸುಮಾರು 60 ಲ್ಯಾಬಿನಲ್ಲಿ ಖಚಿತವಾದ ಟಿಬಿ. 40 ಗೊಂದಲದವು: ಸಿಲಿಕೋಸಿಸ್, ವಾಸಿಯಾದ ಹಳೇ ಟಿಬಿಯ ಗಾಯದ ಗುರುತು, ಜಡೆ, ಸರ, ಮಸುಕಾದ ಪೋರ್ಟಬಲ್ ಚಿತ್ರ. ಮಿಕ್ಕ 100 ಆರೋಗ್ಯವಂತರದು. ಬಾಗೇಪಲ್ಲಿ, ಪಾವಗಡದ ಕಡೆಯ ಹಿರಿಯರ ಒಂದೆರಡು ಚಿತ್ರವನ್ನೂ ಸೇರಿಸಿ. ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮೂಳೆ ಗಟ್ಟಿಯಾಗಿ, ಎಕ್ಸ್‌ರೇಯಲ್ಲಿ ಪಕ್ಕೆಲುಬು ಅಚ್ಚ ಬಿಳಿಯಾಗಿ ಕಾಣುವುದುಂಟು.

ಸರಿಯುತ್ತರದ ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ, ಸ್ಟಾರ್ಟಪ್‌ಗೆ ಸಂಬಂಧವಿಲ್ಲದ ಒಬ್ಬ ಡಾಕ್ಟರ ಬೀರುವಿನಲ್ಲಿ ಇಡಿ. ಎಷ್ಟು ರೋಗಿಗಳು ತಪ್ಪಿದರೆ ಫೇಲು ಅನ್ನುವುದನ್ನು ಪರೀಕ್ಷೆಗೆ ಮೊದಲೇ ಬರೆದು ಎರಡೂ ಕಡೆಯವರು ಸಹಿ ಹಾಕಿ. ಆಮೇಲೆ ನಿಮ್ಮ ಕಣ್ಣೆದುರೇ ಯಂತ್ರ ಓಡಿಸಲಿ. ಫಲಿತಾಂಶ ನೋಡಿದ ಮೇಲೆ ಗೆರೆ ಮೇಲೆ ಕೆಳಗೆ ಮಾಡಲು ಬಿಡಬೇಡಿ.

60ರಲ್ಲಿ ಒಂದೂ ತಪ್ಪಲಿಲ್ಲ ಅಂದರೂ ಪೂರ್ತಿ ನೆಮ್ಮದಿ ಬೇಡ. ಒಂದು ಸುಲಭದ ಸೂತ್ರ ಇದೆ: ಮೂರನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ. 3 ಭಾಗಿಸು 60, ಅಂದರೆ ನೂರಕ್ಕೆ 5. ನಿಜ ಜೀವನದಲ್ಲಿ ನೂರಕ್ಕೆ ಐದರವರೆಗೂ ತಪ್ಪಬಹುದು ಅಂತ ಅರ್ಥ.

ಹಂತ 5: ಕೆಲಸ ಮಾಡುವ ಜಾಗಕ್ಕೆ ಹೋಗಿ ಅರ್ಧ ದಿನ ಕೂತುಕೊಳ್ಳಿ

ಗೂಗಲ್‌ನವರು ಕಣ್ಣಿನ ಚಿತ್ರ ನೋಡಿ ಸಕ್ಕರೆ ಕಾಯಿಲೆಯಿಂದಾದ ತೊಂದರೆ ಹಿಡಿಯುವ ಎಐ ಮಾಡಿದರು. ಲ್ಯಾಬಿನಲ್ಲಿ ಬಹಳ ಚೆನ್ನಾಗಿತ್ತು. ಥೈಲ್ಯಾಂಡಿನ 11 ಕ್ಲಿನಿಕ್‌ಗಳಲ್ಲಿ ಇಟ್ಟಾಗ ಏನಾಯಿತು ಅಂತ 2020ರಲ್ಲಿ ಅವರೇ ಬರೆದರು. ಮೊದಲ ಆರು ತಿಂಗಳಲ್ಲಿ ಕೊಟ್ಟ 1838 ಚಿತ್ರಗಳಲ್ಲಿ 21 ಪರ್ಸೆಂಟನ್ನು ಯಂತ್ರ 'ಸರಿಯಿಲ್ಲ' ಅಂತ ವಾಪಸ್ ಮಾಡಿತ್ತು. ಕೆಲವು ಕೋಣೆಗಳಲ್ಲಿ ಬೆಳಕು ಸರಿಯಿರಲಿಲ್ಲ, ನೆಟ್ ನಿಧಾನ ಇತ್ತು. ತಮ್ಮ ಸೋಲನ್ನು ಹೀಗೆ ಬರೆದಿಟ್ಟ ಆ ತಂಡದ ಮೇಲೆ ನನಗೆ ಗೌರವ ಇದೆ. ನಿಮ್ಮೆದುರು ಪಿಚ್ ಮಾಡುವವರ ಹತ್ತಿರವೂ ಇಂಥ ಒಂದು ಪುಟ ಇರಬೇಕು, ಕೇಳಿ ತಗೊಳ್ಳಿ.

ಮುಳಬಾಗಿಲಿನ ಕಡೆಯ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಂತೆಯ ದಿನ ಹೋಗಿ. ಕರೆಂಟ್ ಎಷ್ಟು ಸಲ ಹೋಯಿತು, ಯುಪಿಎಸ್ ಎಷ್ಟು ಹೊತ್ತು ತಡೆಯಿತು, ಒಬ್ಬ ಸಿಸ್ಟರ್ ಎಷ್ಟು ರಿಜಿಸ್ಟರ್ ಬರೆಯುತ್ತಾರೆ, ಎಲ್ಲಾ ಗಮನಿಸಿ. ಈ ಯಂತ್ರ ಬಂದರೆ ಅವರಿಗೆ ಇನ್ನೊಂದು ರಿಜಿಸ್ಟರ್ ಜಾಸ್ತಿ ಆಗುತ್ತದಾ, ಒಂದು ಕಡಿಮೆ ಆಗುತ್ತದಾ?

ಹೆಸರಿನ ಗೊಂದಲ ಸಣ್ಣದಲ್ಲ. ಒಂದು ಕ್ಯಾಂಪಿನಲ್ಲಿ ಒಂದೇ ಬೆಳಗ್ಗೆ ಮೂವರು ವೆಂಕಟೇಶಪ್ಪ ಬಂದಿದ್ದರು, ವಯಸ್ಸೂ ಹೆಚ್ಚು ಕಡಿಮೆ ಒಂದೇ. ಇಬ್ಬರ ಫಿಲ್ಮ್ ನನ್ನ ಕೈಯಲ್ಲೇ ಅದಲು ಬದಲಾಯಿತು. ಸಂಜೆ ಡಾಕ್ಟರು ಹಳೇ ಪಕ್ಕೆಲುಬಿನ ಮುರಿತ ನೋಡಿ ಕಂಡುಹಿಡಿದರು. ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಕಷ್ಟವಾಗುತ್ತದೆ. ಇಂಥ ತಪ್ಪನ್ನು ಇವರ ಸಾಫ್ಟ್‌ವೇರ್ ಹೇಗೆ ತಡೆಯುತ್ತದೆ ಅಂತ ತೋರಿಸಲಿ.

ಹಂತ 6: 'ಇದೆ' ಅಂದ ಮೇಲೆ ಏನು?

ಚೀಟಿ ಸಿಕ್ಕವರಿಗೆ ಯಾರು ಫೋನ್ ಮಾಡುತ್ತಾರೆ? ಕಫ ಪರೀಕ್ಷೆ ಎಷ್ಟು ದಿನಕ್ಕೆ ಆಗುತ್ತದೆ? ಬಾರದೇ ಇದ್ದವರ ಮನೆಗೆ ಹೋಗುವುದು ಆಶಾ ಕಾರ್ಯಕರ್ತೆಯಾ? ಅವರಿಗೆ ಇದು ಗೊತ್ತಾ? ಸಾಮಾನ್ಯ ಟಿಬಿಗೂ ಔಷಧಿ ಆರು ತಿಂಗಳು ನಡೆಯಬೇಕು. ಚಿತ್ರ ನೋಡಿದ ಮೇಲಿನ ದಾರಿ ಇಷ್ಟು ಉದ್ದ ಇರುವಾಗ, ಪಿಚ್ ಚಿತ್ರದ ಹತ್ತಿರವೇ ನಿಂತುಬಿಟ್ಟರೆ ಸಾಲದು.

ಡಾಕ್ಟರು ಒಂದು ಹೇಳಿ, ಯಂತ್ರ ಇನ್ನೊಂದು ಹೇಳಿದರೆ ಯಾರ ಮಾತು ನಡೆಯುತ್ತದೆ, ತಪ್ಪಾದರೆ ಹೊಣೆ ಯಾರದು ಅನ್ನುವುದು ಕಾಗದದಲ್ಲಿ ಇರಬೇಕು. ಸುಮ್ನೆ ಎಚ್ಚರಿಕೆ ಗಂಟೆ ಜಾಸ್ತಿ ಬಾರಿಸಿದರೂ ಪ್ರಯೋಜನ ಇಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ಎಪಿಕ್ ಕಂಪನಿಯ ಒಂದು ವ್ಯವಸ್ಥೆ ಇತ್ತು, ರಕ್ತಕ್ಕೆ ನಂಜು ಏರುವುದನ್ನು ಮೊದಲೇ ಹೇಳಬೇಕಾದದ್ದು. ಹೊರಗಿನವರು ಪರೀಕ್ಷಿಸಿ 2021ರಲ್ಲಿ ಬರೆದರು: ದಾಖಲಾದವರಲ್ಲಿ 18 ಪರ್ಸೆಂಟ್ ಜನರಿಗೆ ಎಚ್ಚರಿಕೆ ಕೊಟ್ಟರೂ, ನಿಜವಾಗಿ ನಂಜಾದ 67 ಪರ್ಸೆಂಟ್ ರೋಗಿಗಳನ್ನು ಅದು ಹಿಡಿದಿರಲಿಲ್ಲ.

ಹಂತ 7: ಲೈಸೆನ್ಸ್ ಕಾಗದ

ಇದು ಬೇಗ ಮುಗಿಯುವ ಕೆಲಸ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ರೋಗ ಪತ್ತೆಯ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನವೇ. 2017ರ ವೈದ್ಯಕೀಯ ಸಾಧನಗಳ ನಿಯಮದಂತೆ ಅಪಾಯದ ಲೆಕ್ಕದಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ ಇವೆ. ಇವರದು ಯಾವ ವರ್ಗ, ಲೈಸೆನ್ಸ್ ನಂಬರ್ ಏನು, ಅದರಲ್ಲಿ ಬಳಕೆಯ ಉದ್ದೇಶ ಏನಂತ ಬರೆದಿದೆ, ನೋಡಿ. ಹಂತ 1ರಲ್ಲಿ ಬರೆಸಿಕೊಂಡ ಸಾಲಿಗೂ ಅದಕ್ಕೂ ಹೊಂದಬೇಕು. 'ಅರ್ಜಿ ಹಾಕಿದ್ದೇವೆ' ಅಂದರೆ ಲೈಸೆನ್ಸ್ ಇಲ್ಲ ಅಂತಲೇ ಅರ್ಥ. ಸ್ಟಾರ್ಟಪ್ ಇಂಡಿಯಾದ ನೋಂದಣಿ ಪತ್ರ ಬೇರೆಯೇ ವಿಷಯ, ಅದು ರೋಗಿಯ ಸುರಕ್ಷತೆಯ ಬಗ್ಗೆ ಏನೂ ಹೇಳುವುದಿಲ್ಲ.

ರೋಗಿಗಳ ಚಿತ್ರ ಬಳಸಲು ಯಾರ ಒಪ್ಪಿಗೆ ಇತ್ತು ಅಂತಲೂ ಕೇಳಿ. ವೈಯಕ್ತಿಕ ಡೇಟಾ ರಕ್ಷಣೆಗೆ 2023ರ ಕಾಯ್ದೆ ಇದೆ. ಆರೋಗ್ಯದ ಎಐಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅದೇ ವರ್ಷ ನೈತಿಕ ಮಾರ್ಗಸೂಚಿ ತಂದಿದೆ. ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಸಂಬಂಧಿಸಿದ ಎಐ ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯೂ ಸೇರಿಕೊಳ್ಳುತ್ತದೆ. ಅಲ್ಲಿ ವಕೀಲರಿಲ್ಲದೆ ಒಂದು ಹೆಜ್ಜೆಯೂ ಇಡಬೇಡಿ.

ಹಂತ 8: ಜನ ಮತ್ತು ದುಡ್ಡು

ಸಲಹೆಗಾರರ ಸ್ಲೈಡಿನಲ್ಲಿ ದೊಡ್ಡ ಡಾಕ್ಟರುಗಳ ಫೋಟೋ ಇರುತ್ತದೆ. ಅವರಲ್ಲಿ ವಾರಕ್ಕೆ ಒಂದು ದಿನವಾದರೂ ಇವರ ಜೊತೆ ಕೂತು ಚಿತ್ರ ನೋಡುವವರು ಯಾರು? ಅವರ ಜೊತೆಗೇ ಮಾತಾಡಿ. ಥೆರಾನೋಸ್ ನೆನಪಿರಬಹುದು. 2003ರಲ್ಲಿ ಶುರುವಾಗಿ, ಒಂದೆರಡು ಹನಿ ರಕ್ತದಲ್ಲಿ ಎಲ್ಲಾ ಪರೀಕ್ಷೆ ಅಂದ ಕಂಪನಿ. ಅದರ ಮಂಡಳಿಯಲ್ಲಿ ಮಾಜಿ ಮಂತ್ರಿಗಳಿದ್ದರು, ಸೇನಾಧಿಕಾರಿಗಳಿದ್ದರು. ಕಟ್ಟಿದವರು 2022ರ ಜನವರಿಯಲ್ಲಿ ವಂಚನೆಯ ಅಪರಾಧಿ ಅಂತ ಕೋರ್ಟಿನಲ್ಲಿ ತೀರ್ಮಾನವಾಯಿತು. 'ಇವರೆಲ್ಲಾ ನಮ್ಮ ಯಂತ್ರ ಬಳಸುತ್ತಾರೆ' ಅಂತ ಲೋಗೋ ಹಾಕಿರುವ ಸ್ಲೈಡಿನ ಆಸ್ಪತ್ರೆಗಳಲ್ಲಿ ಎರಡಕ್ಕಾದರೂ ಫೋನ್ ಮಾಡಿ. "ಈಗಲೂ ಬಳಸ್ತಾ ಇದ್ದೀರಾ? ದುಡ್ಡು ಕೊಟ್ಟು ಬಳಸ್ತಾ ಇದ್ದೀರಾ?" ಈ ಎರಡು ಪ್ರಶ್ನೆ ಸಾಕು. ಫ್ರೀ ಟ್ರಯಲ್ ಮುಗಿದ ಮೇಲೂ ಇಟ್ಟುಕೊಂಡಿದ್ದರೆ ಅದಕ್ಕೆ ಬೆಲೆ ಇದೆ.

ಒಂದು ಚಿತ್ರಕ್ಕೆ ಎಷ್ಟು ಖರ್ಚು, ಎಷ್ಟು ಆದಾಯ, ಕೊಡುವವರು ಯಾರು? ಸರ್ಕಾರ ಅಂದರೆ ಟೆಂಡರ್ ಆಗಿ ಬಿಲ್ ಪಾಸಾಗುವವರೆಗೆ ಕಂಪನಿ ಉಸಿರು ಹಿಡಿದಿರಲು ದುಡ್ಡು ಇದೆಯಾ?

ಹಾಕುವುದಾದರೆ ಕಂತಿನಲ್ಲಿ ಹಾಕಿ. ಮೊದಲ ಕಂತು ಲಕೋಟೆ ಪರೀಕ್ಷೆ ಪಾಸಾದ ಮೇಲೆ. ಎರಡನೆಯದು ಒಂದು ಆರೋಗ್ಯ ಕೇಂದ್ರದಲ್ಲಿ ಆರು ತಿಂಗಳು ನಡೆದ ಮೇಲೆ. ಶೇರಿನ ದುಡ್ಡು ಬ್ಯಾಂಕ್ ಮೂಲಕವೇ ಹೋಗಬೇಕು, ನಗದು ಕೇಳಿದರೆ ಎದ್ದು ಬನ್ನಿ. ಮಗಳ ಮದುವೆಗೆ ಇಟ್ಟದ್ದು, ಒಡವೆ ಅಡ ಇಟ್ಟು ತಂದದ್ದು, ಚೀಟಿ ಎತ್ತಿದ್ದು, ಇದ್ಯಾವುದೂ ಬೇಡ. ಟೊಮೆಟೊ ರೇಟು ಬಿದ್ದ ವರ್ಷದಂತೆ ಈ ದುಡ್ಡೂ ಪೂರ್ತಿ ಹೋಗಬಹುದು ಅಂತ ತಿಳಿದೇ ಹಾಕಿ.

ಅವತ್ತು ಸಭೆಯ ಕೊನೆಯಲ್ಲಿ ನಾನು ಅಪ್ಪನ ಫಿಲ್ಮ್ ತೆಗೆದೆ. 'ಫೋನಿನಲ್ಲಿ ಫೋಟೋ ತೆಗೆದರೂ ಸಾಕು' ಅಂತ ಅವರ ಸ್ಲೈಡಿನಲ್ಲೇ ಇತ್ತು. ಕಿಟಕಿಯ ಬೆಳಕಿಗೆ ಹಿಡಿದೆವು, ಹುಡುಗ ಫೋಟೋ ತೆಗೆದ. ಯಂತ್ರ 88 ಅಂಕ ಕೊಟ್ಟು 'ಟಿಬಿ ಸಾಧ್ಯತೆ ಹೆಚ್ಚು' ಅಂದಿತು. ಅಪ್ಪನಿಗೆ ಎರಡು ಸಲ ಕಫ ಪರೀಕ್ಷೆ ಆಗಿತ್ತು, ಟಿಬಿ ಇರಲಿಲ್ಲ. ಇದ್ದದ್ದು ಗಣಿಯ ಧೂಳು. ಅದನ್ನು ಹೇಳಿದಾಗ ಆ ಹುಡುಗ ಸ್ವಲ್ಪ ಹೊತ್ತು ಫಿಲ್ಮನ್ನೇ ನೋಡಿದ. "ಸರ್, ಸಿಲಿಕೋಸಿಸ್ ನಮ್ಮ ಡೇಟಾದಲ್ಲಿ ಇಲ್ಲವೇ ಇಲ್ಲ" ಅಂದ. ನೇರವಾಗಿ ಒಪ್ಪಿಕೊಂಡ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಈಗ ಅನುಮತಿಯ ಅರ್ಜಿ ಹೋಗಿದೆ. ಬಂದ ಮೇಲೆ 200 ಚಿತ್ರ ಆರಿಸಲು ನಾನೂ ಕೂರುತ್ತೇನೆ. ಮಂಡಿಯವರು ಚೆಕ್ ಬರೆದಿಲ್ಲ. ಹೋಟೆಲಿನ ಬಿಲ್ಲು ಮಾತ್ರ ಅವರ ಜೇಬಿನಲ್ಲೇ ಇದೆ.